ಹಗುರ ಕೀಬೋರ್ಡನ್ನು ನಂಬಿ ಪಿಯಾನೊ ಪರೀಕ್ಷೆಗೆ ಹೋಗಬೇಡಿ

ಐವತ್ತು ದಾಟಿದ ಮೇಲೆ ಪಿಯಾನೊ ಕಲಿಯಬಹುದೇ ಎಂದು ಕೇಳಿದವರಿಗೆಲ್ಲ, ಕಲಿಯಿರಿ, ಖಂಡಿತ ಕಲಿಯಿರಿ ಎನ್ನುತ್ತೇನೆ. ಆದರೆ 61 ಕೀಗಳ ಹಗುರ ಕೀಬೋರ್ಡನ್ನು ಮನೆಗೆ ತಂದು, ಅದೇ ಪಿಯಾನೊ ಅಂದುಕೊಂಡು ಕೂರಬೇಡಿ. ನಾನು ತಂದದ್ದು ಅದನ್ನೇ, ಗೊತ್ತಿರಲಿಲ್ಲ ಅಂತಲ್ಲ. ವೇಯ್ಟೆಡ್ ಕೀ, ಅಂದರೆ ಒತ್ತಿದರೆ ಭಾರ ತಿಳಿಯುವ ಕೀ ಇರುವ 88 ಕೀಗಳ ಡಿಜಿಟಲ್ ಪಿಯಾನೊ ಆದರೂ ಬೇಕೇ ಬೇಕು ಎಂದು ನಮ್ಮ ಪಿಯಾನೊ ಮೇಡಂ ಚೀಟಿಯಲ್ಲೇ ಬರೆದುಕೊಟ್ಟಿದ್ದರು. ಆದರೆ ಅಂಗಡಿಗೆ ನನ್ನ ಜೊತೆ ಬಂದವನು ನಮ್ಮಣ್ಣ.

"ನಿನ್ನ ವಯಸ್ಸಿಗೆ ಇದು ಸಾಕಮ್ಮ. ಎಲ್ಲದರಲ್ಲೂ ಅದೇ ಸರಿಗಮ ತಾನೆ?" ಅಂದ. ಅಂಗಡಿಯವನು ಹೌದು ಸಾರ್, ಹೌದು ಸಾರ್ ಅಂದ. ದುಡ್ಡು ನನ್ನದು, ನಿವೃತ್ತಿಯಾದಾಗ ಬಂದದ್ದು. ಆದರೂ ನಮ್ಮ ಮನೆಯಲ್ಲಿ ಅಣ್ಣ ಒಂದು ಮಾತು ಅಂದರೆ ಮುಗಿಯಿತು. ನಮ್ಮದಲ್ಲದ ವಾದ್ಯಕ್ಕೆ ಇಷ್ಟು ಸುರಿಯಬೇಕೇ ಎಂದೂ ಸೇರಿಸಿದ. ಮೈಸೂರಿನಲ್ಲಿ ಹುಟ್ಟಿ ಬೆಳೆದವನ ಬಾಯಲ್ಲಿ ಬರಬಾರದ ಮಾತು ಅದು. ಮಹಾರಾಜ ಜಯಚಾಮರಾಜ ಒಡೆಯರ್ ಪಿಯಾನೊ ನುಡಿಸುತ್ತಿದ್ದರು. 1940ರಲ್ಲಿ ಪಟ್ಟಕ್ಕೆ ಬರಬೇಕಾಗದಿದ್ದರೆ ಅದರಲ್ಲೇ ಮುಂದುವರಿಯುವ ಆಸೆ ಅವರಿಗಿತ್ತು. ರಷ್ಯಾದ ಸಂಗೀತ ರಚನೆಕಾರ ಮೆಡ್ನರ್ ಲಂಡನ್ನಿನಲ್ಲಿ ಕಷ್ಟದಲ್ಲಿದ್ದಾಗ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು ನಮ್ಮ ಮಹಾರಾಜರು. ಮೆಡ್ನರ್ ತಮ್ಮ ಮೂರನೇ ಪಿಯಾನೊ ಕನ್ಚರ್ಟೊವನ್ನು ಅವರಿಗೇ ಅರ್ಪಿಸಿದರು. ಶ್ರೀವಿದ್ಯಾ ಅಂಕಿತದಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದವರೂ ಅವರೇ. ಎರಡೂ ಸಂಗೀತ ಒಬ್ಬರಲ್ಲೇ ನೆಲೆಸಿದ್ದ ಊರು ನಮ್ಮದು.

ಮೇಡಂ ಮನೆಯಲ್ಲಿ ವಾರಕ್ಕೊಮ್ಮೆ ನಿಜವಾದ ಪಿಯಾನೊ ಸಿಗುತ್ತಿತ್ತು, ಉಳಿದ ದಿನವೆಲ್ಲ ಆ ಕೀಬೋರ್ಡು. ಬೆರಳಿಗೆ ಅಭ್ಯಾಸವಾದದ್ದು ಅದೇ.

ಪಾಶ್ಚಾತ್ಯ ಸಂಗೀತ ಪರೀಕ್ಷೆ ನಡೆಸುವ ಎಬಿಆರ್‌ಎಸ್‌ಎಂನ ಒಂದನೇ ಗ್ರೇಡ್‌ಗೆ ಬೆಂಗಳೂರಿಗೆ ಹೋದೆ. ಹೊರಗೆ ಬೆಂಚಿನ ಮೇಲೆ ಎಂಟು-ಹತ್ತು ವರ್ಷದ ಮಕ್ಕಳು, ಅವರ ಅಮ್ಮಂದಿರು. ಒಬ್ಬರು ನನ್ನನ್ನು "ಮೊಮ್ಮಗು ಒಳಗಿದೆಯಾ ಆಂಟಿ?" ಎಂದು ಕೇಳಿದರು. ನನ್ನ ಹೆಸರು ಕರೆದರು, ಎದ್ದು ಹೋದೆ. ಒಳಗೆ ದೊಡ್ಡ ಕಪ್ಪು ಗ್ರ್ಯಾಂಡ್ ಪಿಯಾನೊ. ಪರೀಕ್ಷಕರು ಸೌಮ್ಯವಾಗಿಯೇ, ಬೇಕಾದರೆ ಸ್ವಲ್ಪ ನುಡಿಸಿ ನೋಡಿಕೊಳ್ಳಿ ಅಂದರು. ಸಿ ಮೇಜರ್ ಸ್ಕೇಲ್ ನುಡಿಸಿದೆ. ಕೀಗಳು ಮೇಡಂ ಮನೆಯದಕ್ಕಿಂತ ಬಿಗಿಯಾಗಿದ್ದವು. ಗಟ್ಟಿಯಾಗಿ ನುಡಿಸಿದ್ದರಿಂದ ಎಲ್ಲವೂ ಕೇಳಿಸಿತು, ಧೈರ್ಯ ಬಂತು.

ಮೊದಲ ಕೃತಿ ಮೆಲ್ಲಗೆ ಶುರುವಾಗಬೇಕು. ಎಡಗೈ ಕಿರುಬೆರಳಿನಿಂದ ಮೊದಲ ಸ್ವರ. ಒತ್ತಿದೆ. ಕೀ ಕೆಳಗೆ ಹೋಯಿತು, ತಳ ಮುಟ್ಟಿತು, ಸದ್ದೇ ಇಲ್ಲ. ಬಲಗೈ ಆಗಲೇ ಮುಂದೆ ಹೊರಟಿತ್ತು. ಎಡಗೈಯ ಮುಂದಿನ ಸ್ವರ ಬಂತು, ಅದರ ಮುಂದಿನದು ಮತ್ತೆ ಇಲ್ಲ. ಹೆದರಿ ಜೋರಾಗಿ ಒತ್ತಿದೆ. ಮೆಲ್ಲಗಿರಬೇಕಾದ ಕಡೆ ಢಣ್ ಎಂದಿತು. ಪರೀಕ್ಷಕರ ಪೆನ್ಸಿಲ್ ಕಾಗದದ ಮೇಲೆ ಓಡುವುದು ಕೇಳಿಸುತ್ತಿತ್ತು. ನಿಲ್ಲಿಸಬೇಡಿ, ಏನೇ ಆದರೂ ನಿಲ್ಲಿಸಬೇಡಿ ಎಂದು ಮೇಡಂ ಹೇಳಿದ್ದು ನೆನಪಿತ್ತು. ನಿಲ್ಲಿಸಲಿಲ್ಲ. ಬೆವರಿಗೆ ಬೆರಳು ಜಾರುತ್ತಿತ್ತು. ತಿಂಗಳುಗಟ್ಟಲೆ ತಿದ್ದಿ ತೀಡಿದ ಎರಡು ಪುಟದಲ್ಲಿ ಅರ್ಧಕ್ಕರ್ಧ ಎಡಗೈ ಮೂಕವಾಗಿಯೇ ಹೋಯಿತು. ಮುಗಿದಾಗ ಕೈಗಳನ್ನು ಮಡಿಲಲ್ಲಿಟ್ಟುಕೊಂಡೆ, ನಡುಗುತ್ತಿದ್ದವು.

ಕಾರಣ ಆಮೇಲೆ ಮೇಡಂ ಪಿಯಾನೊದ ಮುಚ್ಚಳ ತೆಗೆದು ತೋರಿಸಿದರು. ಕೀ ಒತ್ತಿದಾಗ ಒಳಗೆ ಫೆಲ್ಟ್ ಸುತ್ತಿದ ಸುತ್ತಿಗೆ ಏಳುತ್ತದೆ. ತಂತಿಯ ಹತ್ತಿರದವರೆಗೆ ಮಾತ್ರ ಅದಕ್ಕೆ ಕೀಯ ಆಸರೆ. ಕೊನೆಯ ಚೂರು ದೂರವನ್ನು ಬೆರಳು ಕೊಟ್ಟ ವೇಗದಲ್ಲಿ ತಾನೇ ಹೋಗಿ ಹೊಡೆಯಬೇಕು. ವೇಗ ಸಾಲದಿದ್ದರೆ ಸುತ್ತಿಗೆ ತಂತಿ ಮುಟ್ಟದೆ ವಾಪಸು. ನಮ್ಮ ಮನೆಯ ಕೀಬೋರ್ಡಿನಲ್ಲಿ ಸುತ್ತಿಗೆಯೂ ಇಲ್ಲ, ತೂಕವೂ ಇಲ್ಲ. ಕೀಯ ಕೆಳಗಿರುವುದು ಸ್ವಿಚ್ಚು, ಬೆರಳು ಸೋಕಿದರೂ ಸದ್ದು ಬರುತ್ತದೆ. ಅಣ್ಣನ "ಅದೇ ಸರಿಗಮ" ಇದು.

ಪರೀಕ್ಷೆಯಲ್ಲಿ ನನ್ನನ್ನು ಉಳಿಸಿದ್ದು ಚಿಕ್ಕಂದಿನ ಸಂಗೀತ ಪಾಠ. ಪರೀಕ್ಷಕರು ನುಡಿಸಿದ ಸಾಲನ್ನು ಕೇಳಿ ತಿರುಗಿ ಹಾಡುವ, ಲಯಕ್ಕೆ ಚಪ್ಪಾಳೆ ತಟ್ಟುವ ಭಾಗಕ್ಕೆ 18 ಅಂಕ. ಅದರಲ್ಲಿ ಹೆಚ್ಚೇನೂ ಕಳೆದುಕೊಳ್ಳಲಿಲ್ಲ. ಒಟ್ಟು 150ಕ್ಕೆ 100 ಬಂದರೆ ಪಾಸು. ಅಂಚಿನಲ್ಲಿ ದಾಟಿದೆ. "ಪಾಸಾಯ್ತಲ್ಲ, ಇನ್ನೇನು" ಅಂದ ಅಣ್ಣ. ಆ ಮಾತನ್ನು ಇವತ್ತಿಗೂ ಕ್ಷಮಿಸಿಲ್ಲ. ಮುಂದಿನ ತಿಂಗಳು ನಾನೊಬ್ಬಳೇ ಹೋಗಿ ವೇಯ್ಟೆಡ್ ಕೀಯ ಡಿಜಿಟಲ್ ಪಿಯಾನೊ ತಂದೆ.

ಇಷ್ಟಾದರೂ ಕಲಿತದ್ದಕ್ಕೆ ಒಂದು ದಿನವೂ ಬೇಜಾರಾಗಿಲ್ಲ. ನನ್ನ ಎಡಗೈಯ ಉಂಗುರ ಬೆರಳನ್ನು ಕಿರುಬೆರಳಿನ ಸಹವಾಸವಿಲ್ಲದೆ ಎತ್ತಲು ಮೊದಲು ಆಗುತ್ತಲೇ ಇರಲಿಲ್ಲ, ಈಗ ಎತ್ತುತ್ತೇನೆ. ಹಾಡುವಾಗ ಶ್ರುತಿಯ ಮೇಲೆ ಒಂದೇ ಎಳೆ ನಡೆಯುತ್ತದೆ. ಇಲ್ಲಿ ಬಲಗೈಯದೊಂದು ದಾರಿ, ಎಡಗೈಯದೊಂದು, ಎರಡನ್ನೂ ಒಟ್ಟಿಗೆ ಕೇಳಿಸಿಕೊಳ್ಳಬೇಕು. ಬಾಖ್‌ನದೆಂದು ಬಹುಕಾಲ ನಂಬಿದ್ದ, ನಿಜಕ್ಕೂ ಪೆಟ್ಜೋಲ್ಡ್ ರಚಿಸಿದ ಜಿ ಮೇಜರ್ ಮಿನುಯೆಟ್ಟನ್ನು ಈಗ ನುಡಿಸುತ್ತಿದ್ದೇನೆ. ಅದರ ಎಡಗೈ ಬರೀ ತಾಳ ಹಾಕುವುದಿಲ್ಲ, ತಾನೂ ಹಾಡುತ್ತದೆ. ಗಮಕ ಇದರಲ್ಲಿ ಬಾರದು, ನಿಜ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ದಾರಿಯೇ ಇಲ್ಲ. ಹಾಗಾಗಿ ಒಂದೊಂದು ಸ್ವರದ ತೂಕವನ್ನೇ ತೂಗಿ ಇಡುವುದನ್ನು ಕಲಿತೆ. ಕಣ್ಣಿಗೂ ಕೆಲಸ: ಬೆರಳು ಈ ಸ್ವರದಲ್ಲಿರುವಾಗ ಕಣ್ಣು ಸ್ವರಲಿಪಿಯ ಮುಂದಿನ ಅಂಕಣದಲ್ಲಿರಬೇಕು.

ಶುರು ಮಾಡುವವರಿಗೆ: ಎಡಗೈಯನ್ನು ಬೇರೆಯಾಗಿ, ನಿಧಾನವಾಗಿ ನುಡಿಸಿಕೊಳ್ಳಿ. ಪರೀಕ್ಷೆಗೆ ಮುಂಚೆ ಬೇರೆಬೇರೆ ಮನೆಗಳ ನಿಜ ಪಿಯಾನೊ ಮೇಲೆ ಕೈ ಆಡಿಸಿ. ಪರೀಕ್ಷಕರು ನೋಡಿಕೊಳ್ಳಿ ಅಂದಾಗ ಸ್ಕೇಲ್ ಬೇಡ, ನಿಮ್ಮ ಕೃತಿಯ ಅತಿ ಮೆಲ್ಲಗಿನ ಸಾಲನ್ನು ನುಡಿಸಿ ನೋಡಿ. ಅಂಗಡಿಗೆ ಹೋಗುವಾಗ ನಿಮ್ಮ ಮೇಷ್ಟರನ್ನೋ ಮೇಡಂ ಅವರನ್ನೋ ಕರೆದುಕೊಂಡು ಹೋಗಿ.