ಕತ್ತು ಹಿಡಿದರೆ ದಿಂಬನ್ನಷ್ಟೇ ದೂರಬೇಡಿ

ಬೆಳಿಗ್ಗೆ ಕತ್ತು ಹಿಡಿದುಕೊಂಡಿದ್ದರೆ ತಪ್ಪೆಲ್ಲ ದಿಂಬಿನ ಮೇಲೆ ಬೀಳುತ್ತದೆ. ಥೈರಾಯ್ಡ್ ತೊಂದರೆ ಇರುವವರು ಇನ್ನೊಂದು ಕಡೆಯೂ ನೋಡಬೇಕು. ಥೈರಾಯ್ಡ್ ಹಾರ್ಮೋನು ಕಡಿಮೆಯಾದಾಗ ಬಿಗಿದ ಸ್ನಾಯು ಸಡಿಲಗೊಳ್ಳಲು ಹೆಚ್ಚು ಹೊತ್ತು ಹಿಡಿಯುತ್ತದೆ. ಹೆಗಲು, ಕತ್ತು, ಮೀನಖಂಡಗಳಲ್ಲಿ ನೋವು, ಸೆಳೆತ ಕಾಣಿಸಿಕೊಳ್ಳುತ್ತವೆ.

ಮೊದಲು ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ. ಥೈರಾಯ್ಡ್ ಮಾತ್ರೆಯ ಪ್ರಮಾಣ ಬದಲಾಗಿದ್ದರೆ 6ರಿಂದ 8 ವಾರ ಬಿಟ್ಟು ಮತ್ತೊಮ್ಮೆ. ಮಾತ್ರೆ ನುಂಗುವ ಕ್ರಮವೂ ಅಷ್ಟೇ ಮುಖ್ಯ: ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನೊಂದಿಗೆ, ಕಾಫಿಗೂ ತಿಂಡಿಗೂ ಅರ್ಧದಿಂದ ಒಂದು ಗಂಟೆ ಮುಂಚೆ. ಸೆಳೆತಕ್ಕೆಂದು ಕ್ಯಾಲ್ಸಿಯಂ ಮಾತ್ರೆಯನ್ನೂ ಜೊತೆಗೇ ನುಂಗುವವರಿದ್ದಾರೆ. ಅದು ಥೈರಾಯ್ಡ್ ಔಷಧ ರಕ್ತಕ್ಕೆ ಸೇರದಂತೆ ತಡೆಯುತ್ತದೆ; ಕಬ್ಬಿಣದ ಮಾತ್ರೆಯೂ ಹಾಗೆಯೇ. ನಡುವೆ 4 ಗಂಟೆ ಅಂತರವಿರಲಿ.

ಹಾಗೆಂದು ಎಲ್ಲ ಕತ್ತುನೋವೂ ಥೈರಾಯ್ಡಿನದಲ್ಲ. ಮೊಬೈಲಿಗೆ ಬಗ್ಗಿದ ಕತ್ತಿಗೆ ಬಿಸಿ ಶಾಖ, ಹಗುರ ವ್ಯಾಯಾಮ ಸಾಕಾಗಬಹುದು. ಕ್ಷೌರದಂಗಡಿಯಲ್ಲಿ ಕತ್ತು ತಿರುವಿ ಲಟಕ್ಕೆನಿಸಿಕೊಳ್ಳುವುದು ಮಾತ್ರ ಬೇಡವೇ ಬೇಡ! ಮಿದುಳಿಗೆ ರಕ್ತ ಒಯ್ಯುವ ನಾಳದ ಒಳಪದರ ಹರಿದು ಪಾರ್ಶ್ವವಾಯು ಆದದ್ದುಂಟು.

ಕತ್ತಿನ ಮುಂಭಾಗ ಮುಟ್ಟಿದರೆ ನೋಯುತ್ತಾ, ನೋವು ಕಿವಿಯವರೆಗೆ ಹರಿದು, ಜ್ವರವೂ ಬಂದರೆ ಥೈರಾಯ್ಡ್ ಗ್ರಂಥಿಯೇ ಉರಿಯೂತಕ್ಕೆ ಸಿಲುಕಿರಬಹುದು. ಥೈರಾಯ್ಡ್ ಶಸ್ತ್ರಚಿಕಿತ್ಸೆಯಾದವರಿಗೆ ತುಟಿ, ಬೆರಳು ಜುಮ್ಮೆಂದು ಕೈ ಸೆಟೆದರೆ ರಕ್ತದ ಕ್ಯಾಲ್ಸಿಯಂ ಕುಸಿದಿರುವ ಸಾಧ್ಯತೆಯಿದೆ. ಆಗ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು.