ಕ್ರೈಸ್ತ ಧರ್ಮದಲ್ಲಿ ತ್ಯಾಗಪ್ರೇಮ: ಫಾದರ್ ಡೇಮಿಯನ್ನರ ನಿದರ್ಶನ

ಪ್ರೀತಿಯೆಂಬ ಪದವು ಲೋಕವ್ಯವಹಾರದಲ್ಲಿ ಬಹಳ ಸವೆದ ನಾಣ್ಯ. ತಾಯಿಯ ವಾತ್ಸಲ್ಯ, ಗೆಳೆಯರ ಸ್ನೇಹ, ದಂಪತಿಗಳ ಅನುರಾಗ, ಇವೆಲ್ಲವೂ ಪ್ರೀತಿಯ ಪ್ರಭೇದಗಳೇ. ಆದರೆ ಇವುಗಳಲ್ಲಿ ಕೊಡುವುದರೊಡನೆ ಪಡೆಯುವ ಸುಖವೂ ಬೆರೆತಿರುತ್ತದೆ. ಪಡೆಯುವ ಆಸೆಯಿಲ್ಲದೆ, ಪಾತ್ರಾಪಾತ್ರಗಳನ್ನೂ ಎಣಿಸದೆ, ಪರಹಿತಕ್ಕಾಗಿ ತನ್ನನ್ನೇ ತೆತ್ತುಕೊಳ್ಳುವ ಪ್ರೀತಿಯೊಂದುಂಟೆ? ಉಂಟೆಂಬುದೇ ಕ್ರೈಸ್ತ ಧರ್ಮದ ಮೂಲ ಪ್ರತಿಪಾದನೆ.

ಹೊಸ ಒಡಂಬಡಿಕೆಯು ಗ್ರೀಕ್ ಭಾಷೆಯಲ್ಲಿ ರಚಿತವಾದುದು. ಅದರಲ್ಲಿ ಈ ಪ್ರೀತಿಗೆ ಬಹುವಾಗಿ ಬಳಕೆಯಾದ ಪದ ‘ಅಗಾಪೆ’. ಪದದ ನಿಷ್ಪತ್ತಿಗಿಂತ ಪ್ರಯೋಗವೇ ಇಲ್ಲಿ ಅರ್ಥಕ್ಕೆ ಪ್ರಮಾಣ. ಮಿತ್ರರಿಗಾಗಿ ಪ್ರಾಣಾರ್ಪಣೆ ಮಾಡುವುದೇ ಪ್ರೀತಿಯ ಪರಾಕಾಷ್ಠೆಯೆಂಬ ಯೇಸುವಿನ ಬೋಧೆಯು ಯೋಹಾನನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿದೆ. ಸಂತ ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಇನ್ನೂ ಮುಂದೆ ಹೋಗಿ, ಕ್ರಿಸ್ತನು ಮಡಿದುದು ಸಜ್ಜನರಿಗಾಗಿ ಅಲ್ಲ, ಪಾಪಿಗಳಿಗಾಗಿ ಎನ್ನುತ್ತಾನೆ. ಅವನೇ ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೆಯ ಅಧ್ಯಾಯದಲ್ಲಿ ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದಾನೆ: ಸರ್ವಸ್ವವನ್ನು ದಾನಮಾಡಿದರೂ, ದೇಹವನ್ನೇ ಒಪ್ಪಿಸಿದರೂ, ಒಳಗೆ ಪ್ರೀತಿಯಿಲ್ಲದಿದ್ದರೆ ಅದು ನಿಷ್ಫಲ. ಆದುದರಿಂದ ತ್ಯಾಗವೆಲ್ಲವೂ ಪ್ರೀತಿಯಲ್ಲ. ಪ್ರೀತಿಯಿಂದ ಹುಟ್ಟಿದ ತ್ಯಾಗಕ್ಕೆ ಮಾತ್ರ ಬೆಲೆ.

ಈ ತತ್ತ್ವಕ್ಕೆ ಭಾಷ್ಯದಂತಿರುವುದು ಫಾದರ್ ಡೇಮಿಯನ್ನರ ಜೀವನ. ಇವರು 1840ರ ಜನವರಿ 3ರಂದು ಬೆಲ್ಜಿಯಂ ದೇಶದ ಟ್ರೆಮೆಲೊ ಗ್ರಾಮದಲ್ಲಿ ಜನಿಸಿದರು. ಪೂರ್ವಾಶ್ರಮದ ಹೆಸರು ಯೋಸೆಫ್ ಡಿ ವೋಸ್ಟರ್. ಹವಾಯಿ ದ್ವೀಪಗಳಿಗೆ ತೆರಳಬೇಕಾಗಿದ್ದವರು ಇವರ ಅಣ್ಣ ಪಾಂಫಿಲ್. ಅಣ್ಣನು ವಿಷಮಜ್ವರಕ್ಕೆ ತುತ್ತಾದಾಗ, ಇನ್ನೂ ದೀಕ್ಷೆ ಪಡೆಯದಿದ್ದ ತಮ್ಮನು ಆ ಸ್ಥಾನವನ್ನು ತನಗೆ ಕೊಡಬೇಕೆಂದು ಬೇಡಿ ಹೊರಟನು. 1864ರ ಮಾರ್ಚಿಯಲ್ಲಿ ಹೊನೊಲುಲು ತಲುಪಿ, ಅದೇ ವರ್ಷದ ಮೇ ತಿಂಗಳಲ್ಲಿ ಗುರುದೀಕ್ಷೆ ಪಡೆದರು.

ಆ ಕಾಲದಲ್ಲಿ ಹವಾಯಿಯಲ್ಲಿ ಕುಷ್ಠರೋಗ ಹಬ್ಬಿತ್ತು. 1865ರ ಶಾಸನದಂತೆ ರೋಗಿಗಳನ್ನು ಮನೆಮಂದಿಯಿಂದ ಬೇರ್ಪಡಿಸಿ, 1866ರಿಂದ ಮೊಲೊಕೈ ದ್ವೀಪದ ಕಲಾವಾವೊ ಎಂಬಲ್ಲಿಗೆ ಸಾಗಿಸತೊಡಗಿದರು. ಮೂರು ಕಡೆ ಸಮುದ್ರ, ನಾಲ್ಕನೆಯ ಕಡೆ ಗೋಡೆಯಂತೆ ನಿಂತ ಬೆಟ್ಟ, ಹೋದವರು ಮರಳುವಂತಿರಲಿಲ್ಲ. ಸರದಿಯ ಮೇಲೆ ಅಲ್ಲಿಗೆ ಹೋಗಲು ಯಾರು ಸಿದ್ಧರೆಂದು ಬಿಷಪ್ಪರು ಕೇಳಿದಾಗ ಮುಂದಾದ ಗುರುಗಳಲ್ಲಿ ಡೇಮಿಯನ್ನರೂ ಒಬ್ಬರು. 1873ರ ಮೇ 10ರಂದು ಅವರು ಅಲ್ಲಿ ಇಳಿದರು. ಸರದಿ ಮುಗಿಯಲೇ ಇಲ್ಲ. ಅವರು ಅಲ್ಲಿಯೇ ನಿಂತರು.

ಅವರ ಪ್ರೀತಿ ಉಪದೇಶದಲ್ಲಿ ಮುಗಿಯಲಿಲ್ಲ. ರೋಗಿಗಳನ್ನೇ ಜೊತೆಗೂಡಿಸಿಕೊಂಡು ಮನೆಗಳನ್ನು ಕಟ್ಟಿದರು, ನೀರಿನ ಕೊಳವೆ ಹಾಕಿಸಿದರು, ಅನಾಥ ಮಕ್ಕಳಿಗೆ ಆಶ್ರಯ ಕಲ್ಪಿಸಿದರು. ಹುಣ್ಣುಗಳನ್ನು ತೊಳೆದು ಕಟ್ಟಿದರು. ಸತ್ತವರಿಗೆ ತಾವೇ ಶವಪೆಟ್ಟಿಗೆ ಹೆಣೆದು ಗುಂಡಿ ತೋಡಿದರು. ಪ್ರಸಂಗ ಮಾಡುವಾಗ ‘ಸಹೋದರರೇ’ ಎನ್ನುವುದನ್ನು ಬಿಟ್ಟು, ತಮ್ಮನ್ನೂ ರೋಗಿಗಳಲ್ಲಿ ಸೇರಿಸಿಕೊಂಡು ‘ನಾವು’ ಎಂದೇ ಸಂಬೋಧಿಸುತ್ತಿರುವುದಾಗಿ 1873ರಲ್ಲೇ ಅಣ್ಣನಿಗೆ ಬರೆದರು. ಆಗ ಅವರ ದೇಹದಲ್ಲಿ ರೋಗದ ಗುರುತಿರಲಿಲ್ಲ. 1884ರ ಡಿಸೆಂಬರಿನಲ್ಲಿ ಕಾಲನ್ನು ಸುಡುನೀರಿನಲ್ಲಿಟ್ಟಾಗ ಬೊಬ್ಬೆ ಎದ್ದಿತು, ನೋವಾಗಲಿಲ್ಲ. ಹನ್ನೊಂದು ವರ್ಷ ಹಿಂದೆ ಆಡಿದ ‘ನಾವು’ ಎಂಬ ಮಾತು ಅಂದು ಅಕ್ಷರಶಃ ದಿಟವಾಯಿತು. 1889ರ ಏಪ್ರಿಲ್ 15ರಂದು, ತಮ್ಮ 49ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಇಲ್ಲಿ ಒಂದು ಪೂರ್ವಪಕ್ಷ ಏಳುತ್ತದೆ. ಮುನ್ನೆಚ್ಚರಿಕೆಯಿಲ್ಲದೆ ರೋಗಿಗಳನ್ನು ಮುಟ್ಟುವುದು ತ್ಯಾಗವೋ ಅಜಾಗರೂಕತೆಯೋ? ಹೊನೊಲುಲುವಿನ ಪ್ರಾಟೆಸ್ಟೆಂಟ್ ಬೋಧಕ ಹೈಡ್ ಎಂಬಾತನು ಡೇಮಿಯನ್ನರನ್ನು ಒರಟರೆಂದೂ ಶುಚಿಯಿಲ್ಲದವರೆಂದೂ ಜರೆದನು. ಮೊಲೊಕೈಯನ್ನು ಕಣ್ಣಾರೆ ಕಂಡು ಬಂದಿದ್ದ ಸಾಹಿತಿ ರಾಬರ್ಟ್ ಲೂಯಿಸ್ ಸ್ಟೀವನ್‌ಸನ್ 1890ರಲ್ಲಿ ಬಹಿರಂಗ ಪತ್ರ ಬರೆದು ಇದನ್ನು ಖಂಡಿಸಿದನು. ಡೇಮಿಯನ್ನರ ದೋಷಗಳನ್ನು ಅವನು ಮುಚ್ಚಿಡಲಿಲ್ಲ; ಉಳಿದವರು ಹೊರಗೆ ನಿಂತಾಗ ಒಳಹೊಕ್ಕವನು ಯಾರೆಂಬುದನ್ನು ನೆನಪಿಸಿದನು.

ಸಿದ್ಧಾಂತವಿಷ್ಟು: ಡೇಮಿಯನ್ನರು ಮರಣವನ್ನು ಅರಸಿ ಹೋದವರಲ್ಲ, ಮನುಷ್ಯರನ್ನು ಅರಸಿ ಹೋದವರು. ಅವರು ಮೊಲೊಕೈಗೆ ಹೋದ 1873ರಲ್ಲಿಯೇ ನಾರ್ವೆಯ ವೈದ್ಯ ಹ್ಯಾನ್ಸೆನ್ ಈ ರೋಗದ ಕಾರಣವಾದ ಸೂಕ್ಷ್ಮಾಣುವನ್ನು ಕಂಡನು. ಈ ರೋಗ ಸುಲಭವಾಗಿ ಹರಡುವುದಿಲ್ಲವೆಂಬುದೂ, ಔಷಧದಿಂದ ಗುಣವಾಗುವುದೆಂಬುದೂ ಇಂದು ತಿಳಿದಿದೆ. ಹವಾಯಿಯ ಪ್ರತ್ಯೇಕವಾಸದ ಶಾಸನವೂ 1969ರಲ್ಲಿ ಕೊನೆಗೊಂಡಿತು. ಆದರೆ ಔಷಧವು ರೋಗವನ್ನು ಕಳೆಯಬಲ್ಲುದೇ ಹೊರತು, ರೋಗಿಯನ್ನು ಹೊರಗಿಡುವ ಮನಸ್ಸನ್ನು ಕಳೆಯಲಾರದು. ಅದಕ್ಕೆ ಬೇರೆಯೇ ಚಿಕಿತ್ಸೆ ಬೇಕು.

ಡೇಮಿಯನ್ನರ ಪಾರ್ಥಿವ ಶರೀರವನ್ನು 1936ರಲ್ಲಿ ಬೆಲ್ಜಿಯಂಗೆ ಒಯ್ಯಲಾಯಿತು. 2009ರಲ್ಲಿ ಅವರು ಸಂತರೆಂದು ಘೋಷಿತರಾದರು. ಆದರೆ ಅದಕ್ಕೂ ಮೊದಲೇ, 1995ರಲ್ಲಿ, ಅವರ ಬಲಗೈಯ ಅವಶೇಷವನ್ನು ಕಲಾವಾವೊಗೆ ಹಿಂದಿರುಗಿಸಿ, ಹಳೆಯ ಸಮಾಧಿಯಲ್ಲಿಯೇ ಇರಿಸಿದರು. ಹುಣ್ಣು ತೊಳೆದ ಕೈ ಅದು. ಅದು ಸೇರಬೇಕಾದ ಸ್ಥಳವೂ ಅದೇ.