ಮಂಕಾದದ್ದು ಹೃದಯವೋ, ಚಿತ್ರವೋ?

ಟಾರ್ಚಿನ ಗಾಜಿನ ಮೇಲೆ ಬಿಳಿ ಕಾಗದದ ಹಾಳೆಯೊಂದನ್ನು ಇಟ್ಟು ಗೋಡೆಯ ಕಡೆಗೆ ಬೆಳಕು ಬಿಡಿ. ಇನ್ನೊಂದು ಹಾಳೆ ಸೇರಿಸಿ. ಮತ್ತೆ ಎರಡು ಸೇರಿಸಿ. ಗೋಡೆಯ ಮೇಲಿನ ಬೆಳಕು ಮಂಕಾಗುತ್ತಾ ಹೋಯಿತಲ್ಲವೆ? ಬಲ್ಬು ಮಾತ್ರ ಮೊದಲಿನಂತೆಯೇ ಉರಿಯುತ್ತಿದೆ. ಗೋಡೆಯನ್ನಷ್ಟೇ ನೋಡಿದವರು ‘ಬ್ಯಾಟರಿ ಮುಗಿಯಿತು’ ಎಂದಾರು. ಹೃದಯದ ನ್ಯೂಕ್ಲಿಯರ್ ಸ್ಕ್ಯಾನ್ ನೋಡುವ ವೈದ್ಯರಿಗೂ ಇಂಥದೇ ತೊಡಕು.

ಎಕ್ಸ್-ರೇ ತೆಗೆಯುವಾಗ ಕಿರಣಗಳು ಹೊರಗಿನಿಂದ ಬಂದು ದೇಹವನ್ನು ಹಾಯುತ್ತವೆ. ನ್ಯೂಕ್ಲಿಯರ್ ಸ್ಕ್ಯಾನ್‌ನಲ್ಲಿ ಹಾಗಲ್ಲ, ಅವು ದೇಹದ ಒಳಗಿನಿಂದಲೇ ಹೊರಬರುತ್ತವೆ. ಇದಕ್ಕಾಗಿ ಟೆಕ್ನೀಷಿಯಂ-99ಎಂ ಎಂಬ ವಿಕಿರಣಶೀಲ ವಸ್ತು ಸೇರಿಸಿದ ಔಷಧವನ್ನು ಅತ್ಯಲ್ಪ ಪ್ರಮಾಣದಲ್ಲಿ ರಕ್ತನಾಳಕ್ಕೆ ಚುಚ್ಚುತ್ತಾರೆ. ಅದರ ವಿಕಿರಣ 6 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ರಕ್ತ ಚೆನ್ನಾಗಿ ಹರಿಯುವ ಕಡೆ ಹೃದಯದ ಸ್ನಾಯು ಈ ಔಷಧವನ್ನು ಹೆಚ್ಚು ಹೀರಿಕೊಳ್ಳುತ್ತದೆ. ಅಲ್ಲಿಂದ ಹೊರಡುವ ಗಾಮಾ ಕಿರಣಗಳನ್ನು ಎಣಿಸಿ ಚಿತ್ರ ಮೂಡಿಸುವ ಕ್ಯಾಮೆರಾವನ್ನು ಅಮೆರಿಕದ ಹ್ಯಾಲ್ ಆಂಗರ್ 1957ರಲ್ಲಿ ರೂಪಿಸಿದರು.

ರಕ್ತ ಸಾಲದ ಭಾಗ ಚಿತ್ರದಲ್ಲಿ ಮಂಕಾಗಿ ಕಾಣುತ್ತದೆ. ಆದರೆ ಮಂಕಾದುದೆಲ್ಲ ರೋಗವೇ? ನೀರಿನಷ್ಟು ಸಾಂದ್ರವಾದ ಅಂಗಾಂಶದಲ್ಲಿ ಸುಮಾರು ನಾಲ್ಕೂವರೆ ಸೆಂಟಿಮೀಟರ್ ದಾಟುವಷ್ಟರಲ್ಲಿ ಈ ಕಿರಣಗಳಲ್ಲಿ ಅರ್ಧದಷ್ಟು ತಡೆಯಲ್ಪಡುತ್ತವೆ ಅಥವಾ ದಿಕ್ಕು ಬದಲಿಸುತ್ತವೆ. ಅಂದರೆ 1000 ಕಿರಣ ಹೊರಟರೆ 9 ಸೆಂಟಿಮೀಟರ್ ಆಚೆಗೆ ನೇರವಾಗಿ ತಲುಪುವುದು 250ರಷ್ಟು ಮಾತ್ರ. ಹೃದಯದ ಕೆಳಭಾಗದಿಂದ ಬರುವ ಕಿರಣಗಳನ್ನು ವಪೆ ತಡೆಯಬಹುದು. ಆಗ ಆರೋಗ್ಯವಾದ ಹೃದಯದಲ್ಲೂ ಕಪ್ಪು ಕಲೆ ಕಾಣುತ್ತದೆ. ಅದನ್ನೇ ನಂಬಿದರೆ ರೋಗವಿಲ್ಲದವರಿಗೆ ಬೇಡದ ಚಿಕಿತ್ಸೆ ಆದೀತು.

ಲೆಕ್ಕವೇನೋ ಸುಲಭ. ಕಾಲುಭಾಗ ಬಂದಿದ್ದರೆ ನಾಲ್ಕರಿಂದ ಗುಣಿಸಿದರಾಯಿತು! ಆದರೆ ಎದೆಯೆಂದರೆ ಬರೀ ನೀರು ತುಂಬಿದ ಕೊಡವಲ್ಲ. ಶ್ವಾಸಕೋಶದಲ್ಲಿ ಗಾಳಿಯಿದೆ, ಪಕ್ಕೆಲುಬು ಗಟ್ಟಿಯಾಗಿದೆ. ಆದ್ದರಿಂದ ಸಿ.ಟಿ. ಸ್ಕ್ಯಾನ್ ಮಾಡಿ, ಎಲ್ಲಿ ಎಷ್ಟು ತಡೆಯಿದೆ ಎಂಬ ನಕ್ಷೆ ತಯಾರಿಸುತ್ತಾರೆ. ಕಂಪ್ಯೂಟರು ಆ ನಕ್ಷೆಯ ಪ್ರಕಾರ ಜಾಗ ಜಾಗಕ್ಕೂ ಬೇರೆ ಬೇರೆ ಲೆಕ್ಕ ಹಾಕಿ ಚಿತ್ರವನ್ನು ಸರಿಪಡಿಸುತ್ತದೆ.

ದಿಕ್ಕು ಬದಲಿಸಿದ ಕಿರಣಗಳದು ಇನ್ನೊಂದು ಕಾಟ. ಮಂಜು ಕವಿದ ಮುಂಜಾನೆ ಬಸ್ಸಿನ ದೀಪದ ಸುತ್ತ ಬೆಳಕು ಹರಡಿಕೊಳ್ಳುವುದನ್ನು ನೋಡಿದ್ದೀರಲ್ಲ? ಚದರಿದ ಕಿರಣಗಳೂ ಚಿತ್ರವನ್ನು ಹಾಗೆಯೇ ಮಸುಕಾಗಿಸುತ್ತವೆ. ಆದರೆ ಚದರುವಾಗ ಅವು ಸ್ವಲ್ಪ ಶಕ್ತಿ ಕಳೆದುಕೊಳ್ಳುತ್ತವೆ. ಶಕ್ತಿ ಕುಂದಿದವುಗಳಲ್ಲಿ ಹೆಚ್ಚಿನವನ್ನು ಕ್ಯಾಮೆರಾ ಎಣಿಕೆಯಿಂದಲೇ ಕೈಬಿಡುತ್ತದೆ. ನುಸುಳಿ ಬಂದವು ಎಷ್ಟೆಂದು ಅಂದಾಜು ಮಾಡಿ ಕಳೆಯುವುದೂ ಉಂಟು.

ಈ ತಿದ್ದುಪಡಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಸಿ.ಟಿ. ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಹೃದಯದ ಚಿತ್ರಕ್ಕೆ ಹಲವು ನಿಮಿಷ ಬೇಕು, ಅಷ್ಟು ಹೊತ್ತೂ ರೋಗಿ ಉಸಿರಾಡುತ್ತಲೇ ಇರುತ್ತಾರೆ. ನಕ್ಷೆ ತುಸು ಜರುಗಿ, ಹೃದಯದ ಗೋಡೆಯಿರುವ ಕಡೆ ಶ್ವಾಸಕೋಶ ಬಂದು ಕೂತರೆ? ಅಲ್ಲಿ ತಡೆ ಕಡಿಮೆಯೆಂದು ಕಂಪ್ಯೂಟರು ತಿಳಿಯುತ್ತದೆ. ಇಲ್ಲದ ಕಲೆ ಹೊಸದಾಗಿ ಹುಟ್ಟುತ್ತದೆ! ಅದಕ್ಕೇ ವೈದ್ಯರು ತಿದ್ದಿದ ಚಿತ್ರ, ತಿದ್ದದ ಚಿತ್ರ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುತ್ತಾರೆ. ಅನುಮಾನ ಉಳಿದರೆ ಕೆಲವು ಕಡೆ ರೋಗಿಯನ್ನು ಬೋರಲು ಮಲಗಿಸಿ ಮತ್ತೊಮ್ಮೆ ಚಿತ್ರ ತೆಗೆಯುವುದುಂಟು. ಆಗ ಹೃದಯ ಮತ್ತು ವಪೆ ಇರುವ ಜಾಗ ಬದಲಾಗುತ್ತದೆ. ವಪೆಯಿಂದಾದ ಕಲೆಯಾಗಿದ್ದರೆ ಸಾಮಾನ್ಯವಾಗಿ ಅದು ಮಾಯವಾಗುತ್ತದೆ.